ಮೂರನೇ ಹಾಡಿನ ಮುಂಚಿನ ಮಾತು

ಜನ ಆಕೆಯನ್ನು ಬಿರುಗಾಳಿ ಎಂದೇ ಕರೆಯುತ್ತಿದ್ದರು. ಒಂದು ಕಾಲಕ್ಕೆ ಆಕೆಯ ಪೋಸ್ಟರ್ ಇಲ್ಲದ ಹಾಸ್ಟೆಲ್ ಕೋಣೆ ಇರಲಿಲ್ಲ. ಆಕೆಯ ಹಾಗೆ ಕೂದಲು ಕತ್ತರಿಸಿಕೊಂಡು ಮನೆಯಲ್ಲಿ ಬೈಸಿಕೊಳ್ಳದ ಹುಡುಗಿಯೂ ಇರಲಿಲ್ಲ. ಈಗ ವಯಸ್ಸು ಐವತ್ತು ದಾಟಿತ್ತು. ಗಂಟಲಿಗೆ ಶಸ್ತ್ರಚಿಕಿತ್ಸೆ ಆದಮೇಲೆ ಮೇಲಿನ ಸ್ವರಗಳು ಹೇಳದೆ ಕೇಳದೆ ಹೊರಟುಹೋಗಿದ್ದವು. ಅಂಗಡಿಗಳ ಉದ್ಘಾಟನೆ, ಕಂಪನಿಗಳ ವಾರ್ಷಿಕೋತ್ಸವ, ಟಿವಿಯಲ್ಲಿ ಹೊಸ ಗಾಯಕರಿಗೆ ಅಂಕ ಕೊಡುವ ಕುರ್ಚಿ, ಹೀಗೆ ದಿನ ಸಾಗುತ್ತಿತ್ತು. ಕಳೆದ ವರ್ಷ ಆ ಕುರ್ಚಿಯೂ ಇನ್ನೊಬ್ಬಳ ಪಾಲಾಯಿತು.

ಆಕೆಯ ಕಾರ್ಯಕ್ರಮಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ತಮ್ಮ. ಒಂದು ಬೆಳಿಗ್ಗೆ ಅವನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ಬಂದ.

"ಅಕ್ಕ, ಆ ಮೂರು ಹಾಡು ಹೊರಗೆ ಬರ್ತಿವೆ. ಆಡಿಯೋ ಕಂಪನಿಯವರು ಒಪ್ಪಿದಾರೆ. ಜೊತೆಗೆ ಒಂದು ದೊಡ್ಡ ಕಾರ್ಯಕ್ರಮ. ಟಿವಿಯಲ್ಲಿ ನೇರ ಪ್ರಸಾರ."

ಯಾವ ಮೂರು ಹಾಡು ಎಂದು ಆಕೆ ಕೇಳಲಿಲ್ಲ. ಆಕೆ ಹಾಡಿಯೂ ಜನರ ಕಿವಿಗೆ ಬೀಳದೆ ಉಳಿದಿದ್ದ ಹಾಡುಗಳು ಅವು ಮೂರೇ.

ಹದಿನಾರು ವರ್ಷದ ಹಿಂದೆ ಊರಾಚೆಯ ಹಾಸಿಗೆ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು, ಒಳಗಿದ್ದ ಹೆಂಗಸರು ಸತ್ತುಹೋಗಿದ್ದರು. ಬಾಗಿಲು ತೆರೆದೇ ಇತ್ತು, ಹೊಗೆಯಲ್ಲಿ ಅವರಿಗೆ ಕಾಣಿಸಲಿಲ್ಲ ಎಂದು ತನಿಖೆಯವರು ಬರೆದು ಕೈ ತೊಳೆದುಕೊಂಡರು. ಸತ್ತವರ ಮಕ್ಕಳ ಓದಿಗಾಗಿ ಹಾಡು ಮಾಡೋಣ ಎಂದು ಮುಂದೆ ಬಂದವರು ಸ್ವತಃ ಕಾರ್ಖಾನೆಯ ಯಜಮಾನರು. ಖರ್ಚೆಲ್ಲ ಅವರ ಟ್ರಸ್ಟ್‌ನದು. ಬಿರುಗಾಳಿ ಬಿಡಿಗಾಸು ಮುಟ್ಟದೆ ಹಾಡಿದಳು. ಮನೆಗೆ ಬಾರದವರನ್ನು ಕರೆಯುವ ಮೂರನೇ ಹಾಡಿಗೆ ಮುಂಚೆ, ಸತ್ತವರ ಕಡೆಯ ಒಬ್ಬರು ನಾಲ್ಕು ಮಾತು ಆಡಲಿ ಎಂದು ಒಬ್ಬ ಯುವತಿಯನ್ನು ಸ್ಟುಡಿಯೋಗೆ ಕರೆಸಿದ್ದರು. ಬಿರುಗಾಳಿ ಪಕ್ಕದ ಕೋಣೆಯಲ್ಲಿ ಗಂಟಲಿಗೆ ಹಬೆ ತೆಗೆದುಕೊಂಡು ಬರುವಷ್ಟರಲ್ಲಿ ಆ ಯುವತಿ ಮೈಕ್ ಮುಂದೆ ಕುಸಿದು ಕೂತು ಅಳುತ್ತಿದ್ದಳು. ಆಮೇಲೆ ಹಾಡು ಕೇಳಿಸಿದಾಗ ಆ ಅಳು ಅದರಲ್ಲಿ ಹಾಗೇ ಇತ್ತು. ಕಲ್ಲನ್ನೂ ಕರಗಿಸುವ ಅಳು.

"ಇದನ್ನ ಮಾರೋಕೆ ನನ್ನಿಂದ ಆಗಲ್ಲ" ಎಂದು ಅವತ್ತು ಆಕೆ ಎದ್ದುಬಂದಿದ್ದಳು. ಅಳು ತೆಗೆದರೆ ಹಾಡಿನಲ್ಲಿ ಏನೂ ಉಳಿಯುವುದಿಲ್ಲ ಎಂದು ಟ್ರಸ್ಟಿನವರು ಪಟ್ಟು ಹಿಡಿದರು. ಹಾಡು ಮೂಲೆ ಸೇರಿತು. ತನ್ನ ಬದುಕಿನಲ್ಲಿ ಮಾಡಿದ ಒಳ್ಳೆಯ ಕೆಲಸ ಯಾವುದು ಎಂದು ಯೋಚಿಸಿದಾಗಲೆಲ್ಲ ಆಕೆಗೆ ಮೊದಲು ನೆನಪಾಗುತ್ತಿದ್ದುದು ಅದೇ.

"ಅಳು ತೆಗೀತಾರಾ?" ಎಂದು ಕೇಳಿದಳು.

"ಅಕ್ಕ, ಅದಿಲ್ಲದೆ ಯಾರು ಕೇಳ್ತಾರೆ? ನಿಂಗೆ ಇದು ಕೊನೇ ಬಸ್ಸು. ಇದನ್ನೂ ಬಿಟ್ರೆ ನಿಲ್ದಾಣ ಗುಡಿಸ್ಕೊಂಡು ಕೂರಬೇಕು."

"ಹಾಗಾದ್ರೆ ಆ ಹೆಂಗಸನ್ನ ಕೇಳಬೇಕು. ನಾನೇ ಹೋಗಿ ಕೇಳ್ತೀನಿ."

"ಬೇಡ" ಎಂದ ತಮ್ಮ. ಅದು ಎಷ್ಟು ಬೇಗ ಬಂತೆಂದರೆ, ಆಕೆ ಒಲೆ ಆರಿಸಿ ಅವನ ಕಡೆ ತಿರುಗಿ ನೋಡಿದಳು. ಅವನು ಆಗ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದ್ದ.

ಸತ್ತವರ ಮನೆಯವರು ಕಟ್ಟಿಕೊಂಡಿದ್ದ ಸಂಘವೊಂದಿತ್ತು. ಅಲ್ಲಿದ್ದವರು ಆಕೆಗೆ ವಿಳಾಸ ಕೊಟ್ಟರು. ಕೂರಲು ಹೇಳಲಿಲ್ಲ. ಬೀದಿಯಲ್ಲಿ ನಡೆದರೆ ಇವತ್ತಿಗೂ ಯಾರಾದರೊಬ್ಬರು ನಿಲ್ಲಿಸಿ ಫೋಟೋ ಕೇಳುವ ಆಕೆಗೆ ಇದು ಹೊಸದು.

ಆ ಯುವತಿ ಈಗ ನಡುವಯಸ್ಸಿನ ಹೆಂಗಸು, ಡ್ರೈವಿಂಗ್ ಸ್ಕೂಲಿನ ಒಡತಿ. ಸುತ್ತಮುತ್ತಲಿನವರಿಗೆಲ್ಲ ಬರೀ 'ಮೇಡಂ'. ಬಾಗಿಲಲ್ಲಿ ನಿಂತ ಬಿರುಗಾಳಿಯನ್ನು ಗುರುತಿಸಿದರೂ ಮುಖದ ಒಂದು ಗೆರೆಯೂ ಅಲುಗಲಿಲ್ಲ.

"ಕ್ಲಾಸಿಗೆ ಹೊತ್ತಾಯ್ತು. ಮಾತಾಡಬೇಕಂದ್ರೆ ಹಿಂದೆ ಕೂತ್ಕೊಳಿ."

ಸ್ಟಿಯರಿಂಗ್ ಹಿಡಿದಿದ್ದವನು ಬ್ಯಾಂಕಿನ ಗುಮಾಸ್ತ. ಹಿಂದಿನ ಸೀಟಿನಲ್ಲಿ ಯಾರು ಕೂತಿದ್ದಾರೆಂದು ಕನ್ನಡಿಯಲ್ಲಿ ಕಂಡದ್ದೇ ತಡ, ಅವನ ಕೈಕಾಲು ಒಂದಕ್ಕೊಂದು ಸಂಬಂಧ ಕಡಿದುಕೊಂಡವು. ಕಾರು ಎರಡು ಸಲ ಕುಪ್ಪಳಿಸಿ ನಿಂತಿತು.

"ರಸ್ತೆ ಮುಂದಿದೆ ಸ್ವಾಮಿ, ಹಿಂದಿಲ್ಲ" ಎಂದು ಮೇಡಂ ಅವನಿಗೆ ಹೇಳಿ, ತಲೆ ತಿರುಗಿಸದೆಯೇ ಕೇಳಿದಳು. "ಏನು ವಿಷಯ?"

ಬಿರುಗಾಳಿ ಹೇಳಿದಳು. ಹಾಡು ಹೊರಗೆ ಬರುತ್ತಿರುವುದು, ಅದರಲ್ಲಿ ಆ ಅಳು ಇರುವುದು. "ನಿಮ್ಮನ್ನ ಕೇಳದೆ ಅದನ್ನ ಹೊರಗೆ ಬಿಡಬಾರದು ಅಂತಾನೇ ಅವತ್ತು ನಾನು ಹಾಡು ನಿಲ್ಲಿಸಿದ್ದು" ಎಂದಳು.

ಮೇಡಂ ತನ್ನ ಕಾಲ ಬಳಿಯಿದ್ದ ಬ್ರೇಕನ್ನು ಒತ್ತಿದಳು. ಕಾರು ರಸ್ತೆಯ ಬದಿಯಲ್ಲಿ ಗಕ್ಕನೆ ನಿಂತಿತು. ಗುಮಾಸ್ತ ತನ್ನದೇ ತಪ್ಪೆಂದುಕೊಂಡು ಕ್ಷಮೆ ಕೇಳಿದ.

"ಅಳುವಿಗೋಸ್ಕರ ನಿಲ್ಲಿಸಿದ್ರಾ?" ಈಗ ಆಕೆ ಪೂರ್ತಿ ತಿರುಗಿದ್ದಳು. "ಅಳೋಕೆ ಮುಂಚೆ ನಾನು ಹೇಳಿದ ಮಾತಿಗೆ ಹೆದರಿ ನಿಲ್ಲಿಸಿದ್ದಲ್ವಾ?"

"ಯಾವ ಮಾತು?"

ಮೇಡಂ ಆಕೆಯ ಮುಖವನ್ನು ನೋಡುತ್ತಲೇ ಇದ್ದಳು. ಸುಳ್ಳು ಹೇಳುವವರನ್ನು ಬಹಳ ಕಂಡವರ ನೋಟ ಅದು. ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದಳು. "ನನ್ನ ತಂಗಿ ಒಳಗಿಂದ ಫೋನ್ ಮಾಡಿದ್ಲು. 'ಅಕ್ಕ, ಬಾಗಿಲಿಗೆ ಹೊರಗಿಂದ ಬೀಗ ಹಾಕಿದಾರೆ, ಯಾರಿಗಾದ್ರೂ ತೆಗಿಯೋಕೆ ಹೇಳು' ಅಂದ್ಲು. ಅಷ್ಟೇ ಅವಳು ಮಾತಾಡಿದ್ದು. ಪೊಲೀಸರಿಗೆ ಹೇಳ್ದೆ, ಬರ್ಕೊಳ್ಳಲಿಲ್ಲ. ತನಿಖೆಯವರಿಗೆ ಹೇಳ್ದೆ, ದುಃಖದಲ್ಲಿ ಏನೋ ಕೇಳಿಸಿರುತ್ತೆ ಅಂದ್ರು. ನಿಮ್ಮ ಹಾಡಲ್ಲಿ ಹೇಳಿದ್ರೆ ಲೋಕವೇ ಕೇಳುತ್ತೆ ಅಂತ ಬಂದೆ. ಹೇಳಿದೆ. ಆಮೇಲೆ ಅತ್ತೆ. ಆಮೇಲೆ ಹಾಡೇ ಬರಲಿಲ್ಲ. ಹೆಸರಿಗೆ ಬಿರುಗಾಳಿ, ಯಜಮಾನರ ಮುಂದೆ ಬೀಸಣಿಗೆ ಅಂತ ನಾವೆಲ್ಲ ಆಡ್ಕೊಂಡ್ವಿ."

ಬಿರುಗಾಳಿಗೆ ಕಾರಿನ ಬಾಗಿಲು ತೆಗೆಯುವ ಹಿಡಿ ತಕ್ಷಣ ಸಿಗಲಿಲ್ಲ. ಹಬೆ ತೆಗೆದುಕೊಳ್ಳಲು ತಾನು ಹೋಗಿದ್ದಾಗ ಧ್ವನಿ ಕೋಣೆಯಲ್ಲಿ ಇದ್ದವರು ಇಬ್ಬರು. ಒಬ್ಬ ರೆಕಾರ್ಡ್ ಮಾಡುವವನು, ಅವನು ತೀರಿಕೊಂಡು ವರ್ಷಗಳಾಗಿದ್ದವು. ಇನ್ನೊಬ್ಬ ತಮ್ಮ.

ಮನೆಗೆ ಬಂದಾಗ ತಮ್ಮ ಸೋಫಾದ ಅಂಚಿನಲ್ಲಿ ಕೂತಿದ್ದ. ಆಕೆ ಕೇಳುವ ಮೊದಲೇ ಅವನಿಗೆ ಗೊತ್ತಾಗಿತ್ತು.

"ಹೇಳಿಬಿಟ್ಲಾ?"

"ನೀನು ಹೇಳು."

"ಅವತ್ತೇ ಅಳಿಸಿದೆ" ಎಂದ. "ಯಾರೂ ಹೇಳಲಿಲ್ಲ ನಂಗೆ. ನಾನೇ ಅಳಿಸಿದೆ. ಯಜಮಾನರ ಟ್ರಸ್ಟಿನ ಹಾಡಲ್ಲಿ ಯಜಮಾನರ ತಲೆಗೇ ಕಲ್ಲು ಹಾಕಿದ್ರೆ ನಿಂಗೆ ಮುಂದೆ ಯಾರು ವೇದಿಕೆ ಕೊಡ್ತಿದ್ರು? ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ಮಾಡ್ದೆ."

"ಸತ್ತಿದ್ದು ಹಾವಲ್ಲ ಕಣೋ."

ಆಕೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತಾನು ಒಳ್ಳೆಯದೆಂದು ಎತ್ತಿಟ್ಟುಕೊಂಡಿದ್ದ ಒಂದೇ ಒಂದು ಕೆಲಸ ಯಜಮಾನರ ಕೆಲಸವನ್ನೇ ಮಾಡಿಕೊಟ್ಟಿತ್ತು. ಆ ಮಾತನ್ನು ತಮ್ಮ ಅಳಿಸಿದ್ದ, ಉಳಿದದ್ದನ್ನು ತಾನು ಮುಚ್ಚಿಟ್ಟಿದ್ದಳು.

ಸಂಜೆ ಹೊರಗೆ ಬಂದು ಹೇಳಿದಳು. "ಕಾರ್ಯಕ್ರಮಕ್ಕೆ ಒಪ್ಪಿಗೆ ಅಂತ ಹೇಳು. ಆದ್ರೆ ಆ ಅಳುವಿನ ರೆಕಾರ್ಡ್ ಹಾಕಬಾರದು. ಆ ಹೆಂಗಸೇ ವೇದಿಕೆಗೆ ಬರ್ತಾಳೆ."

ಕಂಪನಿಯ ಅಧಿಕಾರಿಗೆ ಈ ಸುದ್ದಿ ಕೇಳಿ ಖುಷಿಯೋ ಖುಷಿ. ರೆಕಾರ್ಡಿಗಿಂತ ಕಣ್ಣೆದುರಿಗೇ ಅತ್ತರೆ ಇನ್ನೂ ಒಳ್ಳೆಯದು ಎಂದನಂತೆ. ಮೇಡಂ ಏನು ಹೇಳುತ್ತಾಳೆ ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಮೂವರೇ, ಅವರಲ್ಲಿ ಒಬ್ಬ ತಮ್ಮ. ಅಭ್ಯಾಸದ ದಿನಗಳಲ್ಲೆಲ್ಲ ಅವನು ಫೋನ್ ಹಿಡಿದು ಕಾರಿಡಾರಿಗೆ ಹೋದರೆ ಸಾಕು, ಬಿರುಗಾಳಿಯ ತಾಳ ತಪ್ಪುತ್ತಿತ್ತು. ಈಗ ಹೇಳಿದನೇ, ಇಗೋ ಈಗ ಹೇಳುತ್ತಿದ್ದಾನೆಯೇ ಎಂದು ಕಿವಿ ಅತ್ತಲೇ ಇರುತ್ತಿತ್ತು. ಮೇಡಂ ಅಭ್ಯಾಸಕ್ಕೆ ಬರಲಿಲ್ಲ. "ನಿಮ್ಮನ್ನ ನಂಬಿ ಬರ್ತಿಲ್ಲ. ನಂಗೆ ಬೇರೆ ಜಾಗ ಸಿಕ್ಕಿಲ್ಲ, ಅದಕ್ಕೆ ಬರ್ತಿದೀನಿ" ಎಂದು ಫೋನಿನಲ್ಲಿ ಹೇಳಿದ್ದಳು.

ಕಾರ್ಯಕ್ರಮದ ದಿನ ಬಣ್ಣದ ಕೋಣೆಯಲ್ಲಿ ತಮ್ಮ ಆಕೆಯ ಹಿಂದೆ ಬಂದು ನಿಂತ. ಕನ್ನಡಿಯಲ್ಲಿ ಇಬ್ಬರ ಮುಖವೂ ಕಾಣುತ್ತಿತ್ತು. ಅಮ್ಮನ ಮೂಗು ಇಬ್ಬರಿಗೂ ಬಂದಿತ್ತು.

"ಯಜಮಾನರು ಮುಂದಿನ ಸಾಲಲ್ಲೇ ಕೂತಿದಾರೆ."

"ಕೂರಲಿ."

"ನಾನು ಯಾರಿಗೂ ಹೇಳಿಲ್ಲ ಅಕ್ಕ. ಆದ್ರೆ ಒಂದು ಮಾತು ಮೊದಲೇ ಹೇಳ್ತೀನಿ. ಧ್ವನಿ ಮೇಜಿನ ಹತ್ರ ನಾನಿರ್ತೀನಿ. ಅವಳು ಅದನ್ನ ಎತ್ತಿದ್ರೆ ಮೈಕ್ ಬಂದ್ ಮಾಡ್ತೀನಿ. ನಿನ್ನ ಮೇಲೆ ಕೇಸ್ ಬಿದ್ರೆ ಬಿಡಿಸೋನು ನಾನೇ ತಾನೇ?"

ಆಕೆ ಕಿವಿಯ ಓಲೆಯ ತಿರುಪು ಬಿಗಿಮಾಡುತ್ತ, "ನಿಂಗೇನು ತೋಚುತ್ತೋ ಅದನ್ನ ಮಾಡು" ಎಂದಳು.

ಮೊದಲ ಎರಡು ಹಾಡು ಹೇಗೋ ದಾಟಿದವು. ಮೇಲಿನ ಸ್ವರ ಬರುವ ಕಡೆ ಆಕೆ ಮೈಕನ್ನು ಜನರತ್ತ ತಿರುಗಿಸಿದಳು. ಹೊಸ ಹಾಡಾದರೂ ಅವರು ಪ್ರೀತಿಯಿಂದ ಏನೋ ಒಂದು ಕೂಗಿದರು. ಮೂರನೆಯದಕ್ಕೆ ಮುಂಚೆ ದೀಪಗಳು ಮಂದವಾದವು. ಮೇಡಂ ಮಾಮೂಲಿ ಬಟ್ಟೆಯಲ್ಲಿ, ಕೈಗಡಿಯಾರವನ್ನೂ ಬಿಚ್ಚದೆ ವೇದಿಕೆಗೆ ಬಂದಳು. ಟಿವಿ ಕ್ಯಾಮರಾ ಆಕೆಯ ಕಣ್ಣಿನ ಹತ್ತಿರಕ್ಕೆ ಹೋಯಿತು. ಕಣ್ಣು ಒಣಗಿತ್ತು.

"ನನ್ನ ತಂಗಿ ಹಾಸಿಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ಲು. ಬೆಂಕಿ ಬಿದ್ದಾಗ ಒಳಗಿಂದ ನಂಗೆ ಫೋನ್ ಮಾಡಿದ್ಲು. ಏನಂದ್ಲು ಅಂದ್ರೆ..."

ಮೈಕ್ ಸತ್ತುಹೋಯಿತು. ಮೇಡಂಳ ತುಟಿ ಆಡುತ್ತಲೇ ಇತ್ತು, ಮೊದಲ ಎರಡು ಸಾಲಿನವರಿಗಷ್ಟೇ ಏನೋ ಕೇಳಿಸಿರಬೇಕು. ಆಕೆ ಮಾತು ನಿಲ್ಲಿಸಿ ಬಿರುಗಾಳಿಯನ್ನು ನೋಡಿದಳು. ಹಿಂದಿನ ಸಲದ ಹಾಗೇ ಅಲ್ಲವೇ ಎಂಬಂತಿತ್ತು ಆ ನೋಟ.

ಬಿರುಗಾಳಿ ತನ್ನ ಮೈಕನ್ನು ಆಕೆಯ ಬಾಯಿಗೆ ಹಿಡಿಯಲು ಹೊರಟವಳು ಅರ್ಧಕ್ಕೇ ನಿಂತಳು. ಮೇಡಂಳ ದನಿ ಬಂದ ಕೂಡಲೇ ಇದೂ ಸಾಯುತ್ತದೆ. ತನ್ನ ದನಿಯಾದರೆ? ಸಭಾಂಗಣದ ಕೊನೆಯಲ್ಲಿ, ಗಾಜಿನ ಹಿಂದೆ, ತಮ್ಮ ಎದ್ದು ನಿಂತದ್ದು ಮಸುಕಾಗಿ ಕಾಣಿಸಿತು. ಕಂಪನಿಯ ಅಧಿಕಾರಿ ಅವನ ತೋಳು ಹಿಡಿದು ಏನೋ ಕಿರುಚುತ್ತಿದ್ದ.

"ಅವರ ತಂಗಿ ಹೇಳಿದ್ದು ಇದು" ಎಂದಳು ಬಿರುಗಾಳಿ. ಗಂಟಲು ಒಡಕಲು ಮಡಕೆಯ ಹಾಗಿತ್ತು. "ಅಕ್ಕ, ಬಾಗಿಲಿಗೆ ಹೊರಗಿಂದ ಬೀಗ ಹಾಕಿದಾರೆ. ಯಾರಿಗಾದ್ರೂ ತೆಗಿಯೋಕೆ ಹೇಳು."

ಮೈಕ್ ಬದುಕಿತ್ತು. ಮಾತು ಗೋಡೆಗೆ ಬಡಿದು ತಿರುಗಿ ಬಂತು. ಗಾಜಿನ ಹಿಂದೆ ತಮ್ಮ ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡು, ಮೇಜಿಗೆ ಬೆನ್ನು ತಿರುಗಿಸಿ ನಿಂತಿದ್ದ. ಅಧಿಕಾರಿ ಅವನನ್ನು ಸರಿಸಿ ಗುಂಡಿ ಹುಡುಕುತ್ತಿದ್ದ. ಅಷ್ಟೊಂದು ಗುಂಡಿಗಳಲ್ಲಿ ಯಾವುದು ಎಂದು ಅವನಿಗೆ ಗೊತ್ತಾಗಲಿಲ್ಲ.

ಬಿರುಗಾಳಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಆಗ ಮುಂದಿನ ಸಾಲಿನಲ್ಲಿ ಯಜಮಾನರು ಎದ್ದರು. ಯಾರೂ ಅವರ ಹೆಸರು ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಕೋಟು ಎತ್ತಿಕೊಂಡು ಬಾಗಿಲತ್ತ ನಡೆದರು. ಅವರ ಹಿಂದೆಯೇ ಒಂದು ಕ್ಯಾಮರಾ ತಿರುಗಿತು, ಆಮೇಲೆ ಇನ್ನೊಂದು. ನೇರ ಪ್ರಸಾರ ನಿಲ್ಲುವಷ್ಟರಲ್ಲಿ ಅವರ ಬೆನ್ನು ಮನೆಮನೆಗೂ ತಲುಪಿತ್ತು. ಮೂರನೇ ಹಾಡು ಮಾತ್ರ ಹಾಡದೆಯೇ ಉಳಿಯಿತು.

ಮುಂದೆ ಆದದ್ದು ನಿಧಾನಕ್ಕೆ ಆಯಿತು. ಕಂಪನಿಯವರು ಒಪ್ಪಂದ ಹರಿದರು, ಹಾಡುಗಳನ್ನು ತಮ್ಮ ಕಪಾಟಿನಲ್ಲೇ ಇಟ್ಟುಕೊಂಡರು. ಬಂದಿದ್ದ ಕಾರ್ಯಕ್ರಮಗಳು ಒಂದೊಂದಾಗಿ ಜಾರಿದವು. ಸತ್ತವರ ಮನೆಯವರ ಸಂಘ ಮತ್ತೆ ಅರ್ಜಿ ಹಾಕಿತು, ತನಿಖೆ ಮರಳಿ ಶುರುವಾಗಿ ವಿಷಯ ನ್ಯಾಯಾಲಯ ಹತ್ತಿತು. ಆದರೆ ಯಜಮಾನರ ವಕೀಲರು ಕೇಳಿದ್ದು ಒಂದೇ ಪ್ರಶ್ನೆ. ಇಷ್ಟು ವರ್ಷವಾದ ಮೇಲೆ ಈ ಫೋನಿನ ಕಥೆ ಕಟ್ಟಿದ್ದಲ್ಲ ಎನ್ನುವುದಕ್ಕೆ ಏನು ಆಧಾರ? ಅವತ್ತೇ ಇದನ್ನು ಕೇಳಿದವರು ಯಾರಿದ್ದಾರೆ?

ಬಿರುಗಾಳಿ ತಮ್ಮನ ಜೊತೆ ಮಾತು ಬಿಟ್ಟಿದ್ದಳು. ಒಂದು ಬೆಳಿಗ್ಗೆ ಅವನೇ ಬಂದ. ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ.

"ಸಂಘದ ವಕೀಲರ ಹತ್ರ ಹೋಗಬೇಕು. ಒಬ್ಬನಿಗೇ ಕಾಲು ಬರ್ತಿಲ್ಲ. ಜೊತೆಗೆ ಬಾ."

"ಅಳಿಸಿದ್ದು ನೀನೇ ಅಂತ ಒಪ್ಕೊಂಡ್ರೆ ನಿನ್ನನ್ನೂ ಒಳಗೆ ಹಾಕಬಹುದು."

"ಗೊತ್ತು. ಕೇಳಿಯೇ ಬಂದಿದೀನಿ" ಎಂದ. "ಅವಳ ಮೈಕ್ ಬಂದ್ ಮಾಡ್ದೆ ಅಕ್ಕ. ಎರಡನೇ ಸಲ. ನಿನ್ನದಕ್ಕೆ ಕೈ ಹೋಗಲಿಲ್ಲ. ನೀನು ನನ್ನ ಅಕ್ಕ ಅಂತಾನೋ ಏನೋ. ಅವಳೂ ಒಬ್ಬಳಿಗೆ ಅಕ್ಕ ಅನ್ನೋದು ಆಗ ಹೊಳೀತು."

ಆಕೆ ಚಪ್ಪಲಿ ಮೆಟ್ಟಿದಳು.

ನ್ಯಾಯಾಲಯದಲ್ಲಿ ಅವನ ಸಾಕ್ಷಿ ನಡೆದದ್ದು ಬೆಳಗಿನಿಂದ ಮಧ್ಯಾಹ್ನದವರೆಗೆ. ಆ ಮಾತನ್ನು ಕೇಳಿದ್ದು ನಿಜವೇ ಎಂದರು, ನಿಜ ಎಂದ. ಅಳಿಸಿದವರು ಯಾರು ಎಂದರು, ನಾನೇ ಎಂದ. ಹಿಡಿದಿದ್ದ ಕಟಕಟೆಯನ್ನು ಬಿಡಲಿಲ್ಲ. ಎದುರಿನ ವಕೀಲರ ಸರದಿ ಮರುದಿನಕ್ಕೆ ಹೋಯಿತು.

ಹೊರಗೆ ಮೆಟ್ಟಿಲ ಬಳಿ ಮೇಡಂ ನಿಂತಿದ್ದಳು. ತಮ್ಮ ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ಬಿರುಗಾಳಿ ಏನೋ ಹೇಳಲು ಬಾಯಿ ತೆರೆದಳು. ಕಾರ್ಯಕ್ರಮದ ದಿನದ ನಂತರ ದನಿ ಸರಿಯಾಗಿರಲಿಲ್ಲ, ಗೊಗ್ಗರು ಉಸಿರಷ್ಟೇ ಬಂತು. ಮೇಡಂ ಕೈಯೆತ್ತಿ ಆಕೆಯನ್ನು ತಡೆದು, ತಮ್ಮನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನಾಳೆ ಅವರ ವಕೀಲ ನಿಮ್ಮನ್ನ ಹರಿದು ಹಾಕ್ತಾನೆ" ಎಂದಳು. "ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಬನ್ನಿ."