ಎರಡೂ ಹಾಡು ಒಂದೇ ಕಿವಿಗೆ

ಹಳೆಯ ಕಂಟ್ರೋಲರ್ ಪಾಪ, ಅದರದ್ದೇನೂ ತಪ್ಪಿರಲಿಲ್ಲ. ಇದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ, ಸ್ಕೇಟಿಂಗ್ ರಿಂಕಿನ ಯಜಮಾನರು ಬಂದು ಕೇಳಿದಾಗ, "ಎಡಗಡೆ ಚಕ್ರ ಕೈಕೊಟ್ಟಿದೆ ಸರ್, ಹೊಸದೇ ತರ್ಬೇಕು" ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಿದ್ದಳು. ಬಾಯಿಲ್ಲದ ಯಂತ್ರದ ಮೇಲೆ ಗೂಬೆ ಕೂರಿಸುವುದು ಎಷ್ಟು ಸುಲಭ ನೋಡಿ!

ಅವಳು ಸ್ಕೇಟಿಂಗ್ ರಿಂಕಿನಲ್ಲಿ ಹಾಡು ಹಾಕುವವಳು. ಅಲ್ಲಿಗೆ ಬರುವ ಚಿಕ್ಕವರಿಗೂ ಅಕ್ಕ, ತಲೆ ನರೆತವರಿಗೂ ಅಕ್ಕ. ನೆಲಕ್ಕಿಂತ ಎತ್ತರದಲ್ಲಿ ಒಂದು ಗಾಜಿನ ಗೂಡು, ಅದರೊಳಗೆ ಅವಳು, ಮುಂದೆ ಲ್ಯಾಪ್‌ಟಾಪು ಮತ್ತು ಅದರ ಹಾಡುಗಳನ್ನು ಚಕ್ರ ತಿರುಗಿಸಿ ಹಿಂದೆಮುಂದೆ ಮಾಡುವ ಕಂಟ್ರೋಲರು. ಕೆಳಗೆ ಜನ ಕಾಲಿಗೆ ಚಕ್ರ ಕಟ್ಟಿಕೊಂಡು ಸುತ್ತುತ್ತಿರುತ್ತಾರೆ. ಹಾಡಿನ ತಾಳ ಹೇಗೋ ಅವರ ಕಾಲು ಹಾಗೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾದದ್ದು ಅವರ ಕಾಲಿಗೆ ಗೊತ್ತಾಗಬಾರದು, ಅದೇ ಅಕ್ಕನ ಕಸುಬು. ಬರುವ ಹಾಡಿನ ಬೀಟು ಹೋಗುವ ಹಾಡಿನ ಬೀಟಿನ ಮೇಲೆ ಸರಿಯಾಗಿ ಕೂರಬೇಕು. ಕೂದಲೆಳೆಯಷ್ಟು ಜಾರಿದರೂ ಎರಡೂ ಸೇರಿ ಕುದುರೆ ಓಡಿದ ಹಾಗೆ ಟಕಟಕ ಟಕಟಕ ಎನ್ನುತ್ತವೆ. ಬೇರೆ ಕಡೆಯಾದರೆ ಜನ ಮೂಗು ಮುರಿದು ಸುಮ್ಮನಾಗುತ್ತಾರೆ. ರಿಂಕಿನಲ್ಲಿ ಬೀಳುತ್ತಾರೆ.

ಹೋದ ಭಾನುವಾರ ಆದದ್ದೂ ಅದೇ. ಕೈಕೈ ಹಿಡಿದ ಉದ್ದನೆಯ ಸಾಲೊಂದು ತಿರುವಿಗೆ ಬರುವಾಗ ಟಕಟಕ ಶುರುವಾಯಿತು. ಸಾಲಿನ ಮುಂದಿದ್ದವನು ಅವಳ ತಮ್ಮ. ಕುತ್ತಿಗೆಗೆ ಸೀಟಿ ಹಾಕಿಕೊಂಡು ರಿಂಕಿನಲ್ಲಿ ಜನರನ್ನು ನೋಡಿಕೊಳ್ಳುವವನು, ಎಲ್ಲರ ಬಾಯಲ್ಲಿ ಪೀಪಿ. ಇತ್ತೀಚೆಗೆ ಹಾಡು ಬದಲಾಗುವ ಹೊತ್ತಿಗೆಲ್ಲ ಅವನು ಎಲ್ಲಿದ್ದರೂ ಓಡಿಬಂದು ಸಾಲಿನ ಮುಂದೆ ನಿಲ್ಲುತ್ತಿದ್ದ. ಹೀರೋ ಆಗೋ ಚಪಲ ಇವನಿಗೆ ಎಂದು ಅಕ್ಕ ನಕ್ಕಿದ್ದಳು. ಅಂದು ಕಾಲುಗಳು ತೊಡರಿದ್ದೇ ತಡ, ಅವನು ಗಕ್ಕನೆ ಅಡ್ಡ ತಿರುಗಿ, ಹಿಂದೆ ಬರುತ್ತಿದ್ದವರನ್ನೆಲ್ಲ ತನ್ನ ಮೇಲೆಯೇ ಬೀಳಿಸಿಕೊಂಡ. ಉಳಿದವರು ನಗುತ್ತಾ ಎದ್ದರು. ಪೀಪಿಯ ಮಣಿಕಟ್ಟು ಮುರಿಯಿತು.

ಈಗ ಅಕ್ಕನ ಕಿವಿಯ ವಿಚಾರಕ್ಕೆ ಬರೋಣ, ಮುಚ್ಚಿಟ್ಟು ಪ್ರಯೋಜನವಿಲ್ಲ. ಜ್ವರ ಬಂದು ಹೋದ ಮೇಲೆ ಅವಳ ಎಡಗಿವಿ ಸತ್ತಿತ್ತು. ಹಲ್ಲು ಕೀಳಿಸಲು ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಕಿವಿ ಡಾಕ್ಟರ ಬಳಿ ಹೋಗಿಬಂದಿದ್ದಳು. ನರವೇ ಹೋಗಿದೆ, ಇನ್ನು ಬರುವುದಿಲ್ಲ ಎಂದಿದ್ದರು ಅವರು. ಹಾಡು ಬೆಸೆಯುವವರಿಗೆ ಎರಡು ಕಿವಿ ಬೇಕು. ಒಂದಕ್ಕೆ ಹೆಡ್‌ಫೋನ್, ಅದರಲ್ಲಿ ಬರಲಿರುವ ಹಾಡು. ಇನ್ನೊಂದು ಬರಿಗಿವಿ, ಅದಕ್ಕೆ ಹೊರಗೆ ಕೇಳುತ್ತಿರುವ ಹಾಡು. ಎರಡನ್ನೂ ತಲೆಯೊಳಗೆ ಜೋಡಿಸಬೇಕು. ಅಕ್ಕ ಹೆಡ್‌ಫೋನನ್ನು ಬಲಗಿವಿಗೆ ಬದಲಾಯಿಸಿಕೊಂಡಳು, ಆದರೆ ಆಗ ಹೊರಗಿನ ಹಾಡು ಬರೀ ಗೋಡೆಯಾಚೆಯ ಗುಂಯ್‌ಗುಡುವ ಸದ್ದು. ಇಷ್ಟು ದಿನ ಅಂದಾಜಿನ ಮೇಲೆ, ಅಭ್ಯಾಸಬಲದ ಮೇಲೆ ನಡೆಸಿದ್ದಳು.

"ಹೊಸದು ತಗೊಳ್ಳಿ," ಎಂದಿದ್ದರು ಯಜಮಾನರು. "ಆದ್ರೆ ಇನ್ನೊಂದ್ಸಲ ಹೀಗಾದ್ರೆ ತಾನಾಗೇ ಹಾಡು ಬದಲಾಯಿಸೋ ಸಾಫ್ಟ್‌ವೇರ್ ಹಾಕಿಬಿಡ್ತೀನಿ ನೋಡಿ. ಅದಕ್ಕೆ ಚಹಾನೂ ಬೇಡ, ರಜಾನೂ ಬೇಡ." ಅವರು ನಗುತ್ತಲೇ ಹೇಳಿದ್ದರು. ಅಕ್ಕನಿಗೆ ಮಾತ್ರ ನಗು ಬಂದಿರಲಿಲ್ಲ. ಆ ಗಾಜಿನ ಗೂಡು ಬಿಟ್ಟರೆ ಅವಳಿಗೆ ಬೇರೆ ಕಸುಬು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹೀಗಾಗಿ ಅಕ್ಕ ತಮ್ಮ ಇಬ್ಬರೂ ಮಧ್ಯಾಹ್ನದ ಬಿಸಿಲಲ್ಲಿ ವೈರಪ್ಪನ ಅಂಗಡಿಗೆ ಬಂದರು. ಸ್ಪೀಕರು, ಮೈಕು, ಕಂಟ್ರೋಲರು ಎಲ್ಲ ಮಾರುವ ಇವನಿಗೆ ಹೆಗಲ ಮೇಲೆ ಯಾವಾಗಲೂ ಒಂದು ಸುರುಳಿ ವೈರು ಇರಬೇಕು, ಅದಕ್ಕೇ ಆ ಹೆಸರು. ಉದ್ದನೆಯ ಮೇಜಿನ ಮೇಲೆ ಕಂಟ್ರೋಲರುಗಳು ದೀಪ ಮಿನುಗಿಸುತ್ತಾ ಸಾಲಾಗಿ ಕೂತಿದ್ದವು. ಅಕ್ಕ ಒಂದರ ಮುಂದೆಯೂ ಸರಿಯಾಗಿ ನಿಲ್ಲಲಿಲ್ಲ. ಇದರ ಚಕ್ರ ತಿರುಗಿಸಿದಳು, ಅದರ ಸದ್ದು ಏರಿಳಿಸುವ ಫೇಡರ್ ಎಳೆದಳು, ಬಿಟ್ಟಳು, ಮತ್ತೆ ಮೊದಲಿನದಕ್ಕೇ ಬಂದಳು. ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದ ಅವಳನ್ನು ನೋಡಿ ವೈರಪ್ಪ ಕಣ್ಣರಳಿಸಿದ.

"ಅಕ್ಕಾ, ಒಂದ್ಕಡೆ ನಿಂತ್ಕೊಳ್ಳಿ. ನಿಮ್ಮನ್ನ ನೋಡೀನೇ ನಂಗೆ ತಲೆ ಸುತ್ತುತ್ತೆ."

"ಇದು ತುಂಬಾ ಹಗುರ. ಅದರ ಗುಂಡಿಗಳು ಇರುವೆ ಗಾತ್ರ. ಇದೇನಿದು, ಇಷ್ಟೊಂದು ಬಣ್ಣ? ಆಟದ ಸಾಮಾನಾ?"

"ಹುಡುಗನ ಕಡೆಯವರು ಹೆಣ್ಣು ನೋಡೋಕೆ ಬಂದ್ರೂ ಇಷ್ಟು ಕೊಂಕು ತೆಗೆಯಲ್ಲ," ಎಂದ ಪೀಪಿ. ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು ಅವಳ ಬಲಕ್ಕೇ ಅಂಟಿಕೊಂಡು ನಿಂತಿದ್ದ.

ಅಕ್ಕನಿಗೆ ಬೇಕಾದದ್ದು ಒಂದೇ ಒಂದು ನಾಬ್. ಹೆಡ್‌ಫೋನಿನೊಳಗೆ ಬರುವ ಹಾಡನ್ನೂ ಹೊರಗಿನ ಹಾಡನ್ನೂ ಬೇಕಾದಷ್ಟು ಬೇಕಾದಷ್ಟು ಬೆರೆಸಿ ಕೇಳಿಸುವ ನಾಬ್. ಅದಿದ್ದರೆ ಒಂದೇ ಕಿವಿಗೆ ಎರಡೂ ಹಾಡು ಬರುತ್ತವೆ. ಹಳೆಯ ಕಂಟ್ರೋಲರಿನಲ್ಲಿ ಅದಿರಲಿಲ್ಲ, ಮೇಜಿನ ಮೇಲಿದ್ದ ಅಗ್ಗದ ಮಾಲುಗಳಲ್ಲೂ ಕಾಣಲಿಲ್ಲ. ಬಾಯಿಬಿಟ್ಟು ಕೇಳಿದರೆ ಆಯಿತು, ಆದರೆ ಹೇಗೆ ಕೇಳುವುದು? ಇಷ್ಟು ವರ್ಷ ಅದಿಲ್ಲದೆ ನಡೆಸಿದವಳಿಗೆ ಈಗ ಯಾಕೆ ಬೇಕು ಎಂದು ವೈರಪ್ಪ ಹುಬ್ಬೇರಿಸುತ್ತಾನೆ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಸಂಜೆಯೊಳಗೆ ಯಜಮಾನರ ಕಿವಿಗೆ ಬೀಳುತ್ತದೆ.

"ಹೋಗ್ಲಿ, ಸಿಂಕ್ ತೋರ್ಸಪ್ಪ," ಎಂದಳು.

ವೈರಪ್ಪನ ಕೈಯಲ್ಲಿದ್ದ ವೈರು ಜಾರಿತು. ಸಿಂಕ್ ಗುಂಡಿ ಒತ್ತಿದರೆ ಎರಡು ಹಾಡುಗಳ ಬೀಟನ್ನು ಯಂತ್ರವೇ ಹೊಂದಿಸುತ್ತದೆ. ಅದನ್ನು ಬಳಸುವವರನ್ನು "ಡೀಜೆಗಳಲ್ಲ, ಲಿಫ್ಟ್ ಗುಂಡಿ ಒತ್ತೋರು" ಎಂದು ಇದೇ ಅಂಗಡಿಯಲ್ಲಿ ನಿಂತು ಅಕ್ಕ ಗೇಲಿ ಮಾಡಿದ್ದಳು.

"ನೀವಾ? ಸಿಂಕಾ?"

"ಕಾಲ ಬದಲಾಗುತ್ತಪ್ಪ. ತೋರ್ಸು."

ವೈರಪ್ಪ ಎರಡು ಸಾಫ್ಟ್‌ವೇರ್ ತೆರೆದ. ಒಂದರಲ್ಲಿ ಹಾಡಿನ ಸದ್ದನ್ನು ಚಿತ್ರವಾಗಿ ತೋರಿಸುವ ಅಲೆಗಳು ಅಕ್ಕಪಕ್ಕ ಕಂಬದ ಹಾಗೆ ನಿಂತಿದ್ದವು, ಇನ್ನೊಂದರಲ್ಲಿ ಒಂದರ ಮೇಲೊಂದು ಮಲಗಿದ್ದವು. ಮಲಗಿದ್ದೇ ವಾಸಿ ಎನಿಸಿತು ಅಕ್ಕನಿಗೆ, ಬೀಟಿನ ಮೇಲೆ ಬೀಟು ಕೂತದ್ದು ಕಣ್ಣಿಗೇ ಕಾಣುತ್ತದೆ. ಕಿವಿ ಹೋದರೇನಂತೆ, ಕಣ್ಣಿಲ್ಲವೇ? ತನ್ನ ಪೆನ್‌ಡ್ರೈವ್ ಚುಚ್ಚಿ ಹೊಸದೊಂದು ಹಾಡು ಹಾಕಿದಳು. ಅದರ ಬೆನ್ನಿಗೆ, ರಿಂಕಿನಲ್ಲಿ ದಿನಾ ಸಂಜೆ ಮೊದಲು ಹಾಕುವ ಆ ಹಳೆಯ ಹಾಡನ್ನು ಎತ್ತಿಕೊಂಡು, ಹೆಡ್‌ಫೋನನ್ನು ಬಲಗಿವಿಗೆ ಒತ್ತಿ, ಸಿಂಕ್ ಅದುಮಿದಳು. ಪರದೆಯ ಮೇಲೆ ಬೀಟು ಗುರುತಿಸುವ ಗೀಟಿನ ಕೆಳಗೆ ಗೀಟು ಬಂದು ನಿಂತಿತು. ಆಹಾ! ಎಂದುಕೊಂಡು ಫೇಡರ್ ಎತ್ತಿದಳು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಭಾರ ಇಳಿದಂತಾಗಿ, ತನಗರಿವಿಲ್ಲದೆ ಮುಗುಳ್ನಗುತ್ತಾ ತಮ್ಮನ ಕಡೆ ನೋಡಿದಳು.

ಪೀಪಿಯ ಕಾಲು ನಿಂತಿತ್ತು. ಹಾಡು ಕೇಳಿದರೆ ಅವನ ಹೆಬ್ಬೆರಳು ಸುಮ್ಮನಿರುವುದಿಲ್ಲ, ನಿದ್ದೆಯಲ್ಲೂ ತಾಳ ಹಾಕುವ ಕಾಲು ಅದು. ಈಗ ನೆಲಕ್ಕೆ ಒತ್ತಿಕೊಂಡು ನಿಂತಿತ್ತು. ವೈರಪ್ಪ ಮೇಜಿನ ಮೇಲಿಲ್ಲದ ಧೂಳನ್ನು ಒರೆಸುತ್ತಿದ್ದ. ಅಕ್ಕ ಸರಕ್ಕನೆ ಹೆಡ್‌ಫೋನ್ ಕಿತ್ತಳು.

ಅಂಗಡಿಯ ತುಂಬಾ ಟಕಟಕ ಟಕಟಕ.

ಫೇಡರನ್ನು ಕೆಳಕ್ಕೆಳೆದಳು. "ಪರದೆ ಮೇಲೆ ಸರಿಯಾಗೇ ಇತ್ತಲ್ಲ..."

"ಅದು ಕೈಯಲ್ಲಿ ಬಾರಿಸಿದ ಡ್ರಮ್ಮು ಅಕ್ಕಾ," ಎಂದ ವೈರಪ್ಪ ಮೆಲ್ಲಗೆ. "ಬಾರಿಸಿದವನು ಒಂದ್ಕಡೆ ಅವಸರ ಮಾಡಿದಾನೆ, ಒಂದ್ಕಡೆ ಆರಾಮಾಗಿದಾನೆ. ಸಾಫ್ಟ್‌ವೇರು ಅವನನ್ನ ಕೇಳ್ದೆ ಸ್ಕೇಲ್ ಇಟ್ಟು ಗೀಟು ಹಾಕ್ಬಿಟ್ಟಿದೆ. ಗೀಟಿಗೆ ಗೀಟು ಕೂತಿದೆ, ಬೀಟಿಗೆ ಬೀಟು ಕೂತಿಲ್ಲ. ಹಳೇ ಹಾಡಿಗೆ ಕಿವೀನೇ ಬೇಕು."

ಕಿವಿ ಎಂಬ ಮಾತು ಕೇಳಿ ಅಕ್ಕನ ಮುಖ ಹುಳ್ಳಗಾಯಿತು. ಅವಳ ಪೆನ್‌ಡ್ರೈವಿನಲ್ಲಿದ್ದವು ಮುಕ್ಕಾಲು ಪಾಲು ಅಂಥವೇ ಹಾಡುಗಳು. ಈ ಗುಂಡಿಯನ್ನು ನಂಬಿ ಗೂಡಿಗೆ ಹೋಗಿದ್ದರೆ ಮುಂದಿನ ಭಾನುವಾರ ಯಾರ ಕೈ ಮುರಿಯುತ್ತಿತ್ತೋ! ಅವಳಿಗೆ ಭಯವಾಯಿತು. ಇನ್ನು ಕೇಳದೆ ವಿಧಿಯಿರಲಿಲ್ಲ.

"ಪೀಪಿ, ಹೋಗಿ ಚಹಾ ತಗೊಂಡ್ ಬಾರೋ."

"ಒಂದ್ ಕೈಲಾ?"

"ಇನ್ನೊಂದ್ ಕೈ ಏನ್ ಬೇಕು ಚಹಾ ತರೋಕೆ? ನಡಿ."

ಅವನು ಗೊಣಗುತ್ತಾ ಬಾಗಿಲು ದಾಟಿದ್ದನ್ನು ಖಾತ್ರಿ ಮಾಡಿಕೊಂಡು ಅಕ್ಕ ಮೇಜಿನ ಮೇಲೆ ಬಗ್ಗಿದಳು. "ವೈರಪ್ಪ, ಹೆಡ್‌ಫೋನಲ್ಲಿ ಎರಡೂ ಹಾಡು ಬೆರೆಸ್ಕೊಳ್ಳೋ ನಾಬ್ ಇರೋ ಅಂಥದ್ದು... ಇದ್ಯಾ? ಸುಮ್ನೆ ಕೇಳ್ದೆ."

ವೈರಪ್ಪ ಹುಬ್ಬೇರಿಸಲಿಲ್ಲ. ಮೇಜಿನ ಅಡಿಗೆ ಬಗ್ಗಿ, ಆಗಲೇ ಬಿಚ್ಚಿಟ್ಟಿದ್ದ ಡಬ್ಬವೊಂದನ್ನು ಮೇಲಕ್ಕಿಟ್ಟ. ಒಳಗೆ ಕಪ್ಪು ಕಂಟ್ರೋಲರು. ಹೆಡ್‌ಫೋನ್ ಚುಚ್ಚುವ ಜಾಗದ ಪಕ್ಕದಲ್ಲೇ ಆ ನಾಬ್.

"ಮೊನ್ನೇನೇ ಎತ್ತಿಟ್ಟಿದ್ದೆ."

"ಯಾರಿಗೆ?"

"ನಿಮಗೇ. ಪೀಪಿ ಬಂದಿದ್ದ, ನಿಮ್ಮ ಹಳೇದನ್ನ ಕಂಕುಳಲ್ಲಿ ಇಟ್ಕೊಂಡು. ಬಿಚ್ಚಿ ನೋಡಿದ್ವಿ, ಚಕ್ರ ಚಿನ್ನದ ಹಾಗಿದೆ. 'ಯಜಮಾನ್ರು ಕೇಳಿದ್ರೆ ಸುಟ್ಟೋಗಿದೆ ಅನ್ನು' ಅಂದ. ಆಮೇಲೆ ಈ ನಾಬ್ ಇರೋದನ್ನೇ ಹುಡುಕ್ಸಿದ. 'ಅಕ್ಕ ತಾನಾಗೇ ಕೇಳೋವರ್ಗೂ ತೋರಿಸ್ಬೇಡ' ಅಂತ ಆಣೆ ಬೇರೆ. ನನ್ನ ಹೊಟ್ಟೆ ಉಬ್ಬರಿಸಿ ಹೋಗಿತ್ತು ಅಕ್ಕಾ, ಇವತ್ತು ನೀವು ಕೇಳ್ದೆ ಇದ್ದಿದ್ರೆ ಒಡೆದೇ ಹೋಗೋದು."

ಅಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಎಲ್ಲರೂ ಸೇರಿ ತನ್ನನ್ನು ಮಂಗ ಮಾಡಿದರಲ್ಲ! ಅಷ್ಟರಲ್ಲಿ ಪೀಪಿ ಲೋಟಗಳನ್ನು ಒಂದೇ ಕೈಯಲ್ಲಿ ಒತ್ತಿ ಹಿಡಿದುಕೊಂಡು ಒಳಗೆ ಬಂದ. ಅವಳ ಎಡಕ್ಕೆ ಮೇಜು ಖಾಲಿಯಿತ್ತು. ಆದರೂ ಅವನು ಸುತ್ತು ಹಾಕಿಕೊಂಡು ಬಲಕ್ಕೇ ಬಂದು ನಿಂತ. ತೆರೆದ ಡಬ್ಬ ನೋಡಿದ.

"ಯಾವಾಗಿಂದ ಗೊತ್ತು ನಿಂಗೆ?" ಎಂದಳು ಅಕ್ಕ.

"ಹಲ್ಲು ಕೀಳಿಸ್ಕೊಂಡು ಬಂದೋಳು ಅದೇ ಸಂಜೆ ಹುರಿದ ಕಡಲೆಬೀಜ ಕಟುಂಕುಟುಂ ಅಂತ ತಿಂದ್ಯಲ್ಲ. ಎಡಗಡೆಯಿಂದ ಕರೆದ್ರೆ ತಿರುಗ್ಲೂ ಇಲ್ಲ. ಆವತ್ತಿಂದ."

ಅಕ್ಕ ನಗಲು ಹೋಗಿ ನಿಲ್ಲಿಸಿದಳು. ಹಲ್ಲಿನ ದಿನ ಅಂದರೆ ಬಿದ್ದ ಭಾನುವಾರಕ್ಕಿಂತ ಎಷ್ಟೋ ಮುಂಚೆ. "ಅಂದ್ರೆ ಬೀಳೋಕೆ ಮುಂಚೇನೇ ಗೊತ್ತಿತ್ತಾ? ಮತ್ತೆ ಹಾಡು ಬದಲಾಗೋವಾಗೆಲ್ಲ ಓಡ್ಬಂದು ಸಾಲಿನ ಮುಂದೆ ಯಾಕೋ ನಿಲ್ತಿದ್ದೆ, ಕತ್ತೆ?"

ಪೀಪಿ ಚಹಾದ ಕೆನೆಯನ್ನು ಬೆರಳಿನಿಂದ ತೆಗೆಯುತ್ತಾ ನಿಂತ. "ಬೀಳೋದಾದ್ರೆ ನನ್ ಮೇಲೆ ಬೀಳ್ಲಿ ಅಂತ. ನಂಗೆ ಬಿದ್ದು ಅಭ್ಯಾಸ ಇದೆ. ಬೇರೆಯವ್ರಿಗೆ ಏನಾದ್ರೂ ಆಗಿದ್ರೆ ನಿನ್ನ ಅಲ್ಲಿಂದ ಇಳಿಸ್ಬಿಡ್ತಿದ್ರಲ್ಲ."

ಅಕ್ಕ ಆ ಬಿಳಿ ಪ್ಲಾಸ್ಟರನ್ನೇ ನೋಡಿದಳು. ಕಣ್ಣು ತುಂಬಿ ಬಂತು. ಹೀರೋ ಆಗುವ ಚಪಲ ಎಂದು ನಕ್ಕಿದ್ದಳಲ್ಲ ತಾನು. "ಬಾಯಿಬಿಟ್ಟು ಹೇಳೋಕೆ ಏನಾಗಿತ್ತೋ ನಿಂಗೆ?"

"ನಿಂಗೇನಾಗಿತ್ತು?" ಎಂದ ಅವನು.

ಆ ಕಂಟ್ರೋಲರನ್ನೇ ತೆಗೆದುಕೊಂಡರು. ಸಾಫ್ಟ್‌ವೇರಿಗೆ ಅಲೆಗಳು ಮಲಗಿರುವುದನ್ನೇ ಆರಿಸಿದಳು ಅಕ್ಕ, ಅದರಲ್ಲಿ ಯಂತ್ರ ಹಾಕಿದ ಗೀಟನ್ನು ಕೈಯಿಂದ ಸರಿಸಬಹುದಿತ್ತು ಎಂಬ ಕಾರಣಕ್ಕೆ. ಸಿಂಕ್ ಗುಂಡಿಯ ಮೇಲೆ ವೈರಪ್ಪನಿಂದಲೇ ಒಂದು ಚೂರು ಟೇಪು ಅಂಟಿಸಿಕೊಂಡಳು.

ಮಾರನೆಯ ಬೆಳಿಗ್ಗೆ ರಿಂಕು ಖಾಲಿಯಿತ್ತು. ನೆಲ ಒರೆಸಿದ ವಾಸನೆ ಇನ್ನೂ ಹೋಗಿರಲಿಲ್ಲ. ಹೊಸ ಯಂತ್ರ ನೋಡಲು ಬಂದ ಯಜಮಾನರು ಕುರ್ಚಿಯಲ್ಲಿ ಕೂರುವ ಮೊದಲೇ ಅಕ್ಕ ಗೂಡಿನಿಂದ ಇಳಿದು ಹೋಗಿ ಅವರ ಮುಂದೆ ನಿಂತಳು.

"ಹಳೇದರ ಚಕ್ರ ಸರಿಯಾಗೇ ಇದೆ ಸರ್. ಹಾಳಾಗಿರೋದು ನನ್ನ ಎಡಗಿವಿ. ಇದರಲ್ಲಿ ಎರಡೂ ಹಾಡು ಒಂದೇ ಕಿವಿಗೆ ಬರುತ್ತೆ. ಒಂದ್ಸಲ ಕೇಳಿ. ಬೇಡ ಅಂದ್ರೆ ನಾನೇ ಇಳಿದು ಹೋಗ್ತೀನಿ."

ಯಜಮಾನರು ಅವಳ ಮುಖ ನೋಡಿದರು, ಪೀಪಿಯ ಕೈ ನೋಡಿದರು. ಕುರ್ಚಿ ಎಳೆದುಕೊಂಡು ಕೂತು, ಹಾಕಿ ನೋಡೋಣ ಎಂಬಂತೆ ಗೂಡಿನ ಕಡೆ ಕೈ ತೋರಿಸಿದರು.

ಅಕ್ಕ ಗೂಡು ಹತ್ತಿದಳು. ಹಾಡು ಶುರುವಾಗುವಷ್ಟರಲ್ಲಿ ಪೀಪಿ ಸ್ಕೇಟ್ಸ್ ಕಟ್ಟಿಕೊಂಡು ನೆಲಕ್ಕಿಳಿದಾಗಿತ್ತು.

"ಬೇಡ ಕಣೋ! ಕೈಗೆ ಪ್ಲಾಸ್ಟರ್ ಇದೆ!"

"ಕಾಲಿಗಿಲ್ವಲ್ಲ!" ಎಂದು ಕೂಗಿ ಹೊರಟೇಬಿಟ್ಟ. ಒಂದು ಸುತ್ತು, ಇನ್ನೊಂದು ಸುತ್ತು. ವೇಗ ಹೆಚ್ಚಾಗುತ್ತಿತ್ತು, ಮುರಿದ ಕೈ ಎದೆಗೆ, ಇನ್ನೊಂದು ಕೈ ಗಾಳಿಗೆ.

ಅಕ್ಕ ಹೆಡ್‌ಫೋನನ್ನು ಬಲಗಿವಿಗೆ ಏರಿಸಿದಳು. ಬೇಕೆಂದೇ ಆ ಹಳೆಯ ಹಾಡನ್ನು, ಕೈಯಲ್ಲಿ ಬಾರಿಸಿದ್ದನ್ನು, ಎತ್ತಿಕೊಂಡಳು. ನಾಬ್ ತಿರುಗಿಸಿದಳು. ಹೊರಗಿನ ಹಾಡು ಒಳಬಂತು, ಒಳಗಿನ ಹಾಡು ಅದರ ಪಕ್ಕ ಬಂದು ನಿಂತಿತು, ಎರಡೂ ಒಂದೇ ಕಿವಿಯಲ್ಲಿ ಕಿತ್ತಾಡಿದವು. ಬೆವರು ಕಿತ್ತುಕೊಂಡಿತು ಅವಳಿಗೆ. ಚಕ್ರವನ್ನು ಬೆರಳ ತುದಿಯಿಂದ ಒಂಚೂರು ತಳ್ಳಿದಳು. ಹೆಚ್ಚಾಯಿತು. ಹಿಂದಕ್ಕೆ ಹಿಡಿದಳು. ಡ್ರಮ್ಮಿನವನು ಅವಸರ ಮಾಡುವ ಜಾಗ ಅವಳಿಗೆ ಗೊತ್ತಿತ್ತು, ಎಷ್ಟು ವರ್ಷದ ಸ್ನೇಹ ಅವನದು. ಅಲ್ಲಿ ತಾನೂ ಜೊತೆಗೆ ಅವಸರ ಮಾಡಿದಳು. ಪರದೆ ನೋಡಲಿಲ್ಲ, ತಮ್ಮನ ಕಾಲನ್ನು ನೋಡುವ ಧೈರ್ಯವಂತೂ ಇರಲಿಲ್ಲ. ಕಣ್ಣು ಮುಚ್ಚಿ ಫೇಡರ್ ಎತ್ತಿದಳು, ಇನ್ನೊಂದನ್ನು ಇಳಿಸಿದಳು.

ಕಣ್ಣು ಬಿಟ್ಟಾಗ ಪೀಪಿ ತಿರುವು ದಾಟಿ ಆಚೆ ಬದಿಯಲ್ಲಿದ್ದ. ಒಂದೇ ಸಮನೆ ಸುತ್ತುತ್ತಿದ್ದ. ಈಗ ಹೊರಗೆ ಕೇಳುತ್ತಿದ್ದ ಹಳೆಯ ಹಾಡಿನಲ್ಲಿ ಬರೀ ಡ್ರಮ್ಮು ನಡೆಯುತ್ತಿತ್ತು, ಹಾಡುವವರ ದನಿ ಇನ್ನೂ ಬಂದಿರಲಿಲ್ಲ.

ಕುರ್ಚಿಯಿಂದ ಯಜಮಾನರು ಬೇಸರದಿಂದ ಕೂಗಿದರು. "ಎಷ್ಟ್ ಹೊತ್ತಮ್ಮಾ ಒಂದನ್ನೇ ಕೇಳೋದು? ಬದಲಾಯಿಸಿ ಹಾಡು!"