ಸುವರ್ಣಮ್ಮನವರ ಎರಡು ಕಾಯಿ

ನಮ್ಮತ್ತೆ ಸುವರ್ಣಮ್ಮ ಇಪ್ಪತ್ತು ವರ್ಷದ ಹಿಂದೆ ತಿಪಟೂರಿನಲ್ಲಿ ಟೈಪ್ ಮಾಡಿಸಿಟ್ಟ ಸೋಬಾನೆ ಪದಗಳನ್ನು ಈಗ ಕಂಪ್ಯೂಟರಿನಲ್ಲಿ ತೆರೆದರೆ ಒಂದಕ್ಷರವೂ ಓದಲಾಗುತ್ತಿರಲಿಲ್ಲ. ಹಲವು ಭಾಷೆಗಳ ಹಳೆಯ ಫಾಂಟನ್ನು ಈಗಿನ ಅಕ್ಷರಕ್ಕೆ ತಿರುಗಿಸುವ ಪ್ರೋಗ್ರಾಂ ಒಂದಿತ್ತು. ಆದರೆ ಸಿಕ್ಕಿದ್ದು ಸೋರ್ಸ್ ಕೋಡ್ ಮಾತ್ರ. ಅದನ್ನು ನಾವೇ ಕಂಪೈಲ್ ಮಾಡಿ, ಅಂದರೆ ಓಡುವ ಪ್ರೋಗ್ರಾಂ ಆಗಿ ಕಟ್ಟಿ, ಇನ್‌ಸ್ಟಾಲ್ ಮಾಡಿಕೊಳ್ಳಬೇಕು. ಕಪ್ಪು ಪರದೆಯಲ್ಲಿ ಕಮಾಂಡ್ ಕುಟ್ಟಿದ ಐದು ಸಲವೂ ಅದೇ ಎರರ್ ಬಂದು ರೇಗಿಹೋಯಿತು. ಆ ಸಿಟ್ಟಿನಲ್ಲೇ ಕೋಡ್ ಬರೆದವನಿಗೆ ಮೇಲ್ ಹಾಕಿದೆ. ನನ್ನ ಮುಖವನ್ನೇ ಕಾಣದ ಪೋಲೆಂಡಿನ ಆ ಪುಣ್ಯಾತ್ಮ ಎರಡೇ ದಿನದಲ್ಲಿ ತಪ್ಪು ತಿದ್ದಿ ಕಳಿಸಿದ. ಜೊತೆಗೆ, ಅಕ್ಷರ ಸರಿಯಾಗಿ ಮೂಡುತ್ತದೆಯೇ ಎಂದು ಪ್ರೋಗ್ರಾಂ ತಾನೇ ನಡೆಸುವ ಪರೀಕ್ಷೆಗೆ ಸೇರಿಸಲು ಕನ್ನಡದ ಒಂದು ಸಾಲು ಕೇಳಿದ.

ಅತ್ತೆ ತಮ್ಮ ಪದಗಳನ್ನು ಓದಿ ಕಣ್ಣೊರೆಸಿಕೊಂಡರು. "ಆವಯ್ಯಂಗೆ ಏನ್ ಕೊಟ್ಟೆ?"

"ಏನೂ ತಗಳಲ್ಲ ಅತ್ತೆ, ಪುಕ್ಕಟೆ."

"ಪುಕ್ಕಟೆ ಅಂತ ಬರಿಗೈಲಿ ಕಳಿಸ್ತಾರೇನೇ? ತೋಟದ ಕಾಯಿ ಎರಡು ಕೊಡು."

ನಮ್ಮ ಹೊನ್ನವಳ್ಳಿಯಲ್ಲಿ ಮನೆಗೆ ಬಂದವರು ಕಾಯಿಲ್ಲದೆ ಹೊರಡುವುದಿಲ್ಲ. ಪೋಲೆಂಡಿಗೆ ಹೇಗೆ ಕೊಡಲಿ? ಅವನು ಕೇಳಿದ್ದ ಸಾಲನ್ನೇ ಬರೆದೆ: 'ಸುವರ್ಣಮ್ಮನವರ ತೋಟದಿಂದ ಎರಡು ತೆಂಗಿನಕಾಯಿ.'

ತಿಂಗಳ ಮೇಲೆ ಹೊಸ ಆವೃತ್ತಿ ಬಂತು. ಕಂಪೈಲ್ ಮುಗಿದು ಪರೀಕ್ಷೆ ನಡೆಯುವಾಗ, ಯಾವ್ಯಾವುದೋ ಭಾಷೆಗಳ ನಡುವೆ ನಮ್ಮ ಸಾಲೂ ಪರದೆಗೆ ಬಂತು. ಅತ್ತೆಯನ್ನು ಕೂಗಿ, ಇನ್ನು ಯಾವ ದೇಶದವರು ಇದನ್ನು ಕಂಪೈಲ್ ಮಾಡಿದರೂ ನಿಮ್ಮ ಕಾಯಿ ಅವರನ್ನು ಮುಟ್ಟುತ್ತದೆ ಎಂದೆ.

ಅವರು ಕನ್ನಡಕ ಏರಿಸಿ ಓದಿದರು. ಮುಖ ಬಾಡಿತು.

"ಅಷ್ಟೊಂದು ಜನಕ್ಕೆ ಎರಡೇನಾ? ನಾಚಿಕೆ ಆಗಲ್ವೇನೇ? ಒಂದ್ ಗಾಡಿ ಅಂತ ಬರಿ."