ಹೊಟ್ಟೆ ಕೊಯ್ಯುವವರ ಸರ್ಟಿಫಿಕೇಟ್

ವೇಣೂರಿನಲ್ಲಿ ನಮ್ಮ ನೆರೆಮನೆಯ ನಫೀಸಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ಉಂಡರೆ ನೋವು, ಉಣ್ಣದಿದ್ದರೆ ತಲೆಸುತ್ತು. ಸೋಮವಾರ ಆಪರೇಷನ್ ಎಂದಾಯಿತು. ಶುಕ್ರವಾರ ಜುಮಾ ನಮಾಜ್ ಮುಗಿಸಿ ಅವರ ಗಂಡ ಇದಿನಬ್ಬ ಕಾಕ ನಮ್ಮ ಮನೆಗೆ ಬಂದರು. ಆಸ್ಪತ್ರೆಗೆ ಒಂದು ಫ್ಲಾಸ್ಕ್ ಬೇಕಿತ್ತು.

"ಆಪರೇಷನ್ ಎಲ್ಲಿ ಕಾಕ?"

"ಮತ್ತೆಲ್ಲಿ? ನಮ್ಮ ಡಾಕ್ಟರಲ್ಲೇ."

ನಮ್ಮ ಡಾಕ್ಟರೆಂದರೆ ಹತ್ತಿರದ ಸಣ್ಣ ಆಸ್ಪತ್ರೆಯವರು. ನಮ್ಮೊಡನೆ ಬ್ಯಾರಿ ಭಾಷೆಯಲ್ಲೇ ಮಾತಾಡುತ್ತಾರೆ. ಜ್ವರ, ಕೆಮ್ಮಿಗೆ ಅವರ ಮದ್ದು ಹಿಡಿಯುತ್ತದೆ. ಎರಡು ವರ್ಷದ ಹಿಂದೆ ನನ್ನ ಗಂಡ ಅನ್ಸಾಫ್‌ಗೆ ಹರ್ನಿಯಾ ಆಪರೇಷನ್ ಮಾಡಿದ್ದೂ ಅವರೇ. ಮೂರನೇ ದಿನ ಹೊಟ್ಟೆ ಉಬ್ಬಿತು. ಗ್ಯಾಸ್ ಎಂದರು. ಐದನೇ ದಿನ ಮಂಗಳೂರಿಗೆ ಕೊಂಡೊಯ್ಯುವಾಗ, ಗುರುಪುರ ದಾಟುವ ಮೊದಲೇ ಅನ್ಸಾಫ್ ಮಾತು ನಿಲ್ಲಿಸಿದ್ದರು.

ಗಂಡ ತೀರಿದ ಮೇಲೆ ಕೂರುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಕುಳಿತು ಅವರ ಆಸ್ಪತ್ರೆಯ ಫೈಲ್ ಓದಿದೆ. ಚೀಟಿಯಲ್ಲಿ ಡಾಕ್ಟರ ಹೆಸರಿನ ಮುಂದೆ ಎಂ.ಬಿ.ಬಿ.ಎಸ್. ಎಂದಷ್ಟೇ ಇತ್ತು. ಅದು ಮೊದಲೂ ಹಾಗೇ ಇತ್ತು. ನಾವು ನೋಡಿರಲಿಲ್ಲ.

"ಅವರು ಸರ್ಜರಿ ಕಲಿತಿದ್ದಾರಾ ಕಾಕ?"

"ಅದೆಂಥ ಪ್ರಶ್ನೆ ಮೋಳೆ? ಡಾಕ್ಟರನ್ನು ಎಷ್ಟು ಕಲ್ತದ್ದು ಅಂತ ಕೇಳ್ಲಿಕ್ಕೆ ಆಗ್ತದಾ? ನಮ್ಮ ಭಾಷೆ ಮಾತಾಡುವ ಮನುಷ್ಯ. ಬೇಜಾರಾದ್ರೆ?" ಕಾಕ ನನ್ನನ್ನು ಕರೆಯುವುದು ಮೋಳೆ, ಅಂದರೆ ಮಗಳೇ, ಎಂದೇ.

"ಎಂ.ಬಿ.ಬಿ.ಎಸ್. ಆದ ಮೇಲೆ ಆಪರೇಷನ್ ಕಲಿಯುವ ಓದು ಬೇರೆಯೇ ಉಂಟು. ಮೂರು ವರ್ಷ. ಎಂ.ಎಸ್. ಅಥವಾ ಡಿ.ಎನ್.ಬಿ. ಅಂತ ಬರೆದಿರ್ತದೆ."

"ಅಷ್ಟು ಕಲ್ತವರ ಕೈಯಲ್ಲಿ ಯಾರೂ ಸಾಯುವುದಿಲ್ವಾ?"

"ಸಾಯ್ತಾರೆ ಕಾಕ. ಆದ್ರೆ ಹೊಟ್ಟೆ ಉಬ್ಬಿದ್ದು ಗ್ಯಾಸಿಗಾ, ಒಳಗೆ ಕರುಳು ತೂತಾಗಿಯಾ ಅಂತ ಬೇಗ ಗುರುತಿಸ್ಲಿಕ್ಕೆ ಕಲ್ತಿರ್ತಾರೆ."

"ಅನ್ಸಾಫ್‌ನದ್ದು ವಿಧಿ, ಮೋಳೆ."

ನಾನು ಫ್ಲಾಸ್ಕ್ ತೊಳೆದು ತಂದುಕೊಟ್ಟೆ.

ಬೇಲಿಯಾಚೆ ನಿಂತಿದ್ದ ನಫೀಸಮ್ಮ ಎಲ್ಲ ಕೇಳಿಸಿಕೊಂಡಿದ್ದರು. "ಬಂಗುಡೆಯ ಕಿವಿರು ಎತ್ತಿ ನೋಡದೆ ಮೀನು ತೆಗೊಳ್ಳುವವರಲ್ಲ ಇವರು. ನನ್ನ ಹೊಟ್ಟೆ ವಿಷಯ ಬಂದಾಗ ನಾಚಿಕೆ!"

"ನೀನು ಸುಮ್ಮನಿರು ಮಾರಾಯ್ತಿ."

ನಾನು ಮತ್ತೊಂದು ಕೇಳಿದೆ. "ನಿಮ್ಮ ಮಗ ಸಿನಾನ್ ಗಲ್ಫಿಗೆ ಹೋಗುವಾಗ ಅವನ ಐ.ಟಿ.ಐ. ಸರ್ಟಿಫಿಕೇಟಿಗೆ ಎಷ್ಟು ಕಡೆ ಸೀಲ್ ಹಾಕಿಸಿದ್ರಿ?"

"ಬೆಂಗಳೂರು, ಡೆಲ್ಲಿ, ಮತ್ತೆ ಎಂಬಸಿ. ಅಲೆದು ಅಲೆದು ಸಾಕಾಗಿತ್ತು."

"ಅಲ್ಲಿ ಅವನ ಕೆಲಸ ಎಂಥದ್ದು?"

"ಎ.ಸಿ. ರಿಪೇರಿ."

ಕಾಕ ಫ್ಲಾಸ್ಕಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು.

ಶನಿವಾರ ಬೆಳಿಗ್ಗೆ ಹೋಗಿ ಕೇಳಿಯೇಬಿಟ್ಟರು. ಡಾಕ್ಟರು ಸುಳ್ಳು ಹೇಳಲಿಲ್ಲ. ಸರ್ಜರಿ ಓದಿಲ್ಲ ಎಂದರಂತೆ. ಮೂಡುಬಿದಿರೆಯ ಒಬ್ಬ ಸರ್ಜನ್‌ಗೆ ಚೀಟಿ ಬರೆದುಕೊಟ್ಟರಂತೆ.

"ಬೇಜಾರಾಯ್ತಾ ಡಾಕ್ಟ್ರೇ ಅಂದೆ," ಎಂದರು ಕಾಕ, ನಮ್ಮ ಅಂಗಳದಲ್ಲೇ ನಿಂತು. "ಇಲ್ಲ, ಇಷ್ಟು ವರ್ಷದಲ್ಲಿ ಯಾರೂ ಕೇಳಿರ್ಲಿಲ್ಲ ಅಂದ್ರು."

ನಾನೂ ಕೇಳಿರಲಿಲ್ಲ.

ಮೂಡುಬಿದಿರೆಯ ಸರ್ಜನ್‌ರ ನೋಂದಣಿ ಸಂಖ್ಯೆಯನ್ನು ಫೋನಿನಲ್ಲಿ ಹುಡುಕಿದೆ. ವೈದ್ಯಕೀಯ ಮಂಡಳಿಯ ಪಟ್ಟಿಯಲ್ಲಿ ಅವರ ಹೆಸರಿನೊಡನೆ ಎಂ.ಎಸ್. ಇತ್ತು. ಬುಧವಾರ ಆಪರೇಷನ್ ಆಯಿತು. ಎರಡನೇ ದಿನ ನಫೀಸಮ್ಮನಿಗೆ ಜ್ವರ ಬಂತು. ಸರ್ಜನ್ ತಾವೇ ಬಂದು ಹೊಟ್ಟೆ ಮುಟ್ಟಿ ನೋಡಿದರು, ಆಗಲೇ ಸ್ಕ್ಯಾನ್ ಮಾಡಿಸಿದರು, ಮದ್ದು ಬದಲಿಸಿದರು. ಎಂಟನೇ ದಿನ ನಫೀಸಮ್ಮ ಮನೆಗೆ ಬಂದರು. ಫ್ಲಾಸ್ಕನ್ನು ಅವರೇ ನಡೆದು ತಂದುಕೊಟ್ಟರು.

ಬೇರೆಯವರು ಆಪರೇಷನ್ ಮಾಡಿದ್ದರೆ ಅನ್ಸಾಫ್ ಉಳಿಯುತ್ತಿದ್ದರೇ, ನನಗೆ ಗೊತ್ತಿಲ್ಲ. ನಾವು ಕೇಳಲಿಲ್ಲ ಎಂಬುದು ಮಾತ್ರ ಗೊತ್ತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ಎಂದಾದರೆ, ಮಾಡುವವರು ಸರ್ಜರಿ ಕಲಿತಿದ್ದಾರೆಯೇ ಎಂದು ಕೇಳಿ. ಇದೇ ಆಪರೇಷನ್ ಎಷ್ಟು ಸಲ ಮಾಡಿದ್ದಾರೆ, ಅರಿವಳಿಕೆ ಕೊಡುವವರು ಯಾರು, ಆಮೇಲೆ ತೊಂದರೆಯಾದರೆ ನೋಡುವವರು ಯಾರು ಎಂದೂ ಕೇಳಿ. ಚೀಟಿಯಲ್ಲಿರುವ ನೋಂದಣಿ ಸಂಖ್ಯೆಯನ್ನು ಮನೆಯ ಮಕ್ಕಳಿಂದ ಫೋನಿನಲ್ಲಿ ಹುಡುಕಿಸಿ. ಆದರೆ ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಇದಕ್ಕಾಗಿ ತಡಮಾಡಬೇಡಿ. ಕೇಳುವುದು ಅಗೌರವವಲ್ಲ, ನಿಮ್ಮ ಹಕ್ಕು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಿ. ನಾನು ಕೇಳದೆ ಸಹಿ ಹಾಕಿದ್ದೆ.